ಗಡಿಯಾಚೆಯ ಲಿಫ್ಟ್ ಮೆಕ್ಯಾನಿಕ್

ನಮ್ಮ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ನನ್ನ ಗೆಳತಿಗೆ ಆಗ ನಲವತ್ತಮೂರು. ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅವಳು, ಅತ್ತೆ, ಇಬ್ಬರೇ. ಡೇಟಿಂಗ್ ಆ್ಯಪ್ ನಾವೇ ಕಾಡಿ ಹಾಕಿಸಿದ್ದು.

ಸಿಕ್ಕಿದವನು ಗಡಿಯಾಚೆಯ ದೇಶದ ಲಿಫ್ಟ್ ಮೆಕ್ಯಾನಿಕ್. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಫೋನೇ ಅನುವಾದಿಸಬೇಕು. ಒಂದು ಸಂಜೆ ಅವನು 'ಕೆಲಸ ಮುಗಿಸಿ ಇಳಿದೆ' ಎಂದು ಬರೆದದ್ದು ಇವಳಿಗೆ 'ಕೆಲಸ ಮುಗಿಯಿತು, ಬಿದ್ದೆ' ಎಂದು ಬಂತು. ಕೂಡಲೇ ಮೊದಲ ಸಲ ವಿಡಿಯೋ ಕಾಲ್ ಮಾಡಿದಳು. ಅವನು ಗ್ರೀಸ್ ಒರೆಸಿಕೊಳ್ಳುತ್ತ ನಿಂತಿದ್ದ. ಆ್ಯಪಿನ ಫೋಟೋಗಿಂತ ಹತ್ತು ವರ್ಷ ದೊಡ್ಡವನು.

"ಆ ಫೋಟೋ ಯಾವ ಕಾಲದ್ದು?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಬೋಳುತಲೆ ಸವರಿಕೊಂಡ. "ಕೂದಲಿದ್ದ ಕಾಲದ್ದು."

ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ತನ್ನ ಸುಳ್ಳನ್ನೂ ಒಪ್ಪಿಕೊಂಡಳು: ಮನೆಯಲ್ಲಿ ತಾನು ಒಂಟಿಯಲ್ಲ, ಅತ್ತೆಯಿದ್ದಾರೆ, ಅವರನ್ನು ಬಿಟ್ಟು ಎಲ್ಲಿಗೂ ಬರಲಾರೆ.

ಅವನು ಒಂದು ತಿಂಗಳ ವೀಸಾ ಮಾಡಿಸಿಕೊಂಡು ತಾನೇ ಬಂದ. ಲ್ಯಾಬಿನ ಯಂತ್ರ ರಿಪೇರಿಯವನು ಎಂದು ಅತ್ತೆಗೆ ಪರಿಚಯಿಸಿದಳು. ಅವನು ಹೋಟೆಲಿಗೆ ಹೊರಟ ಮೇಲೆ ಅತ್ತೆ ಬಾಯಿಬಿಟ್ಟರು.

"ನನಗೆ ಮಂದ ಆಗಿರೋದು ಕಿವಿ, ಕಣ್ಣಲ್ಲ. ಆರು ತಿಂಗಳಿಂದ ಫೋನ್ ನೋಡ್ಕೊಂಡು ನಗ್ತಿದ್ದೀಯ. ಇವನೇ ತಾನೇ?"

"ಹೂಂ ಅತ್ತೆ."

"ಕರ್ಕೊಂಡು ಹೋಗ್ತಾನಂತಾ?"

"ನಿಮ್ಮನ್ನ ಬಿಟ್ಟು ಬರಲ್ಲ ಅಂದಿದ್ದೀನಿ."

"ನಿನ್ನ ಭಯಕ್ಕೆ ನನ್ನ ಹೆಸರು ಹೊದಿಸಬೇಡ."

ಮರುದಿನ ಲ್ಯಾಬಿನಲ್ಲಿ ಒಂದು ಹಲ್ಲನ್ನು ಉಜ್ಜಿ ಉಜ್ಜಿ ಅರ್ಧ ಮಾಡಿಟ್ಟಳು. "ಅತ್ತೆ ಹೇಳಿದ್ದು ನಿಜ ಕಣೇ. ಅಲ್ಲಿ ಹೋದ್ರೆ ಮೂಕಿ ಆಗ್ಬಿಡ್ತೀನಿ ಅಂತ ನನಗೆ ಭಯ." ಸಂಜೆ ಅವನಿಗೂ ಅದನ್ನೇ ಹೇಳಿದಳು. ಅವನು ಟೈಪ್ ಮಾಡಿದ: "ಹಾಗಾದರೆ ಇಲ್ಲಿ ನಾನು ಮೂಕನಾಗಿರುತ್ತೇನೆ."

ಹೇಳಿದಷ್ಟು ಸುಲಭವಾಗಲಿಲ್ಲ. ಅವನು ಇಲ್ಲಿ ನೆಲೆಸಲು ಹಾಕಿದ ಅರ್ಜಿ ಎರಡು ಸಲ ತಿರಸ್ಕೃತವಾಗಿ, ಕಾಗದಪತ್ರಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅವನ ಲೈಸೆನ್ಸ್ ಇಲ್ಲಿ ನಡೆಯಲಿಲ್ಲ. ಇಪ್ಪತ್ತು ವರ್ಷದ ಅನುಭವವಿದ್ದೂ ಇನ್ನೊಬ್ಬ ಮೆಕ್ಯಾನಿಕ್‌ನ ಹಿಂದೆ ಟೂಲ್‌ಬಾಕ್ಸ್ ಹೊರುತ್ತಾನೆ. ಅದರ ಸಿಟ್ಟು ಒಮ್ಮೊಮ್ಮೆ ಮನೆಯ ಬಾಗಿಲ ಮೇಲೆ ಬೀಳುತ್ತದೆ. ಇವಳೂ ಸುಮ್ಮನಿರುವವಳಲ್ಲ. ರಿಜಿಸ್ಟರ್ ಮದುವೆಗೆ ಸಾಕ್ಷಿ ಸಹಿ ಹಾಕಿದವರು ಅತ್ತೆ, ನಾನು ಮತ್ತು ಲ್ಯಾಬಿನ ಇನ್ನೊಬ್ಬಳು.

ಮದುವೆಯಾಗಿ ಈಗ ಎರಡು ವರ್ಷ. ಅವನಿಗೆ ನಮ್ಮ ಭಾಷೆಯಲ್ಲಿ ಬಹುವಚನ ಇನ್ನೂ ಹತ್ತಿಲ್ಲ. ಬೆಳಗ್ಗೆ ನೀರಿನ ಲೋಟ ಹಿಡಿದು ಅತ್ತೆಯ ಮುಂದೆ ನಿಂತು, "ಏ, ನೀನು ಮಾತ್ರೆ ನುಂಗು" ಅನ್ನುತ್ತಾನೆ.

ಅವರು ನುಂಗುತ್ತಾರೆ.