ಹೇನಿಗೆ ಹಾಕಿದ ಗಮಾಕ್ಸಿನ್

ಶಾಲೆ ತೆರೆದು ಇನ್ನೂ ತಿಂಗಳಾಗಿರಲಿಲ್ಲ, ಯಶಸ್ವಿಯ ತಲೆ ತುಂಬ ಹೇನು. ಎರಡನೇ ಕ್ಲಾಸಿನ ಹುಡುಗಿ, ಗೆಳತಿಯರ ತಲೆಗೆ ತಲೆ ತಾಗಿಸಿಕೊಂಡು ಕೂರುವ ಪ್ರಾಯ. ಮಕ್ಕಳಿರುವ ಯಾವ ಮನೆಯಲ್ಲಿ ಈ ಕಾಟ ಇಲ್ಲ? ಅವಳ ಅಮ್ಮ ಸೇವಂತಿ ದಿನಾ ಬಾಚಿ ತೆಗೆದರೂ ಮರುದಿನ ಮತ್ತೆ ಅಷ್ಟೇ. ಸೇವಂತಿ ಮತ್ತು ಅವಳ ಗಂಡ ಕುಶಾಲಪ್ಪ ಅರಂತೋಡು ಪೇಟೆಯಲ್ಲಿ ಸಣ್ಣ ಕ್ಯಾಂಟೀನು ನಡೆಸುತ್ತಾರೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಸೇವಂತಿಯ ಅತ್ತೆ ದೇವಮ್ಮ.

ಒಂದು ಶನಿವಾರ ಮಧ್ಯಾಹ್ನ ಸೇವಂತಿ ಮನೆಗೆ ಬಂದಾಗ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಳು. ಹತ್ತಿರ ಹೋದರೆ ಮೂಗಿಗೆ ಹೊಡೆಯುವ ಮುಗ್ಗಲು ವಾಸನೆ. ಎಣ್ಣೆ ಹಚ್ಚಿದ್ದೇನೆ, ಸಂಜೆ ಮೀಯಿಸಿದರೆ ಒಂದು ಹೇನೂ ಉಳಿಯುವುದಿಲ್ಲ ಎಂದರು ದೇವಮ್ಮ. ಸೇವಂತಿಗೆ ಆ ವಾಸನೆ ಸರಿಕಾಣಲಿಲ್ಲ. ಆದರೆ ಬೆಳಗಿನಿಂದ ದೋಸೆಕಲ್ಲಿನ ಮುಂದೆ ನಿಂತು ಸೊಂಟ ಬಿದ್ದುಹೋಗಿತ್ತು. ಯಾವುದೋ ಹಳ್ಳಿಮದ್ದಿರಬೇಕು ಎಂದುಕೊಂಡು ಊಟ ಬಡಿಸಲು ಹೋದಳು.

ಯಶಸ್ವಿ ಊಟ ಬೇಡವೆಂದಳು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿದಳು. ಆಮೇಲೆ ತನ್ನ ಬೆರಳುಗಳನ್ನು ಮುಂದೆ ಚಾಚಿ, ಇವು ಯಾಕೆ ನಡುಗುತ್ತಿವೆ ಎಂದು ಅಮ್ಮನನ್ನೇ ಕೇಳಿದಳು. ಸೇವಂತಿ ಆ ಬೆರಳುಗಳನ್ನು ಹಿಡಿದುಕೊಳ್ಳುವಷ್ಟರಲ್ಲಿ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಹಲ್ಲು ಕಚ್ಚಿತು, ಮೈ ಸೆಟೆದು ಅದುರತೊಡಗಿತು.

ದೇವಮ್ಮ ಮಗುವಿನ ಕೈಯಲ್ಲಿ ಹಿಡಿಸಲು ಕಬ್ಬಿಣದ ಬೀಗದಕೈ ಹುಡುಕಿಕೊಂಡು ಒಳಗೆ ಓಡಿದರು. ಸೇವಂತಿಯ ಕೂಗು ಕೇಳಿ ಪಕ್ಕದ ಮನೆಯ ನಶೀದಾ ಬಂದಳು. ಸುಳ್ಯದ ಆಸ್ಪತ್ರೆಯೊಂದರಲ್ಲಿ ಅವಳು ನರ್ಸು, ಆ ದಿನ ರಜೆಯಲ್ಲಿದ್ದಳು. ಬೀಗದಕೈ ಬೇಡ, ಬಾಯಿಗೆ ನೀರೂ ಹಾಕಬೇಡಿ ಎಂದವಳೇ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿದಳು. ಅದುರುವುದು ನಿಂತಿತು. ಅಷ್ಟರಲ್ಲಿ ನಶೀದಾಳಿಗೂ ಕೂದಲಿನ ವಾಸನೆ ಬಡಿದಿತ್ತು.

ತಲೆಗೆ ಏನು ಹಚ್ಚಿದ್ದು ಎಂದು ಅವಳು ಕೇಳಿದಳು. ಬರೀ ತೆಂಗಿನೆಣ್ಣೆ ಎಂದರು ದೇವಮ್ಮ, ಮುಖ ಆಚೆ ತಿರುಗಿಸಿ. ಸೇವಂತಿ ಅತ್ತೆಯನ್ನು ನೋಡಿದಳು.

"ದೇವಮ್ಮಕ್ಕ, ನಿಮ್ಮ ತಪ್ಪು ಹುಡುಕ್ಲಿಕ್ಕೆ ಕೇಳುದಲ್ಲ," ಎಂದಳು ನಶೀದಾ ಮೆಲ್ಲಗೆ. "ಎಂತ ಹಾಕಿದ್ದು ಅಂತ ಗೊತ್ತಾಗದೆ ಡಾಕ್ಟ್ರು ಯಾವುದಕ್ಕೆ ಅಂತ ಮದ್ದು ಕೊಡುದು?"

ದೇವಮ್ಮ ಎದ್ದು ಹೋಗಿ ಅಟ್ಟದಿಂದ ತುಕ್ಕು ಹಿಡಿದ ಒಂದು ಡಬ್ಬ ತಂದಿಟ್ಟರು. ಅವರ ಗಂಡ ಬದುಕಿದ್ದಾಗ ಗೆದ್ದಲಿಗೆಂದು ತಂದ ಗಮಾಕ್ಸಿನ್ ಪುಡಿ. ಎಣ್ಣೆಯಲ್ಲಿ ಕಲಸಿ ಹಚ್ಚಿದ್ದರು.

"ನಮ್ಮ ತಲೆಗೂ ನಮ್ಮ ಅಮ್ಮ ಇದನ್ನೇ ಹಾಕಿದ್ದಲ್ವಾ," ಎಂದರು. "ನಾವು ಬದುಕ್ಲಿಲ್ವಾ?"

ಅದಕ್ಕೆ ಉತ್ತರ ಹೇಳುವ ಹೊತ್ತು ಅದಾಗಿರಲಿಲ್ಲ. ನಶೀದಾ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಬಾವಿಯಿಂದ ದೂರ ಮಗುವಿನ ತಲೆಗೆ ಸೋಪು ಹಾಕಿ ಮತ್ತೆ ಮತ್ತೆ ತೊಳೆದಳು, ಬಟ್ಟೆ ಬದಲಾಯಿಸಿದಳು. ಡಬ್ಬವನ್ನು ಇನ್ನೊಂದು ಚೀಲದಲ್ಲಿ ಬಿಗಿಯಾಗಿ ಕಟ್ಟಿದಳು. ಫೋನ್ ಹೋದ ಮೇಲೆ ಕುಶಾಲಪ್ಪ ಪೇಟೆಯಿಂದ ಓಮ್ನಿ ವ್ಯಾನು ತಂದು ನಿಲ್ಲಿಸಿದ, ಎಲ್ಲರೂ ಹತ್ತಿದರು. ಸುಳ್ಯದವರೆಗಿನ ದಾರಿ ಸೇವಂತಿಗೆ ಮುಗಿಯುವಂತೆಯೇ ಕಾಣಲಿಲ್ಲ. ಮಗುವಿನ ಎದೆಯ ಮೇಲೆ ಕೈ ಇಟ್ಟು ಅದು ಏಳುತ್ತದೆಯೇ, ಇಳಿಯುತ್ತದೆಯೇ ಎಂದು ಮಾತ್ರ ನೋಡುತ್ತಿದ್ದಳು. ಆಸ್ಪತ್ರೆಯ ಬಾಗಿಲಲ್ಲೇ ಯಶಸ್ವಿಗೆ ಮತ್ತೊಮ್ಮೆ ಸೆಳೆತ ಬಂತು.

ಡಾಕ್ಟರು ಡಬ್ಬದ ಹರಿದ ಚೀಟಿ ಓದಿದರು. ಏನೆಂದು ತಿಳಿದದ್ದರಿಂದ ಮದ್ದು ಶುರುಮಾಡಲು ತಡವಾಗಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ನಿಂತಿತು. ಆದರೆ ಮಗು ಕಣ್ಣು ಬಿಟ್ಟು ಅಮ್ಮಾ ಎಂದು ಕರೆಯುವವರೆಗೆ ಸೇವಂತಿ ಮಂಚದ ಪಕ್ಕದಿಂದ ಕದಲಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ದೇವಮ್ಮ ಮನೆಯಲ್ಲಿ ಕೇಳಿದ್ದ ಪ್ರಶ್ನೆಗೆ ನಶೀದಾ ಉತ್ತರ ಹೇಳಿದಳು. ಆರು ಇಂಗಾಲದ ಕಣ ಕೈಕೈ ಹಿಡಿದು ನಿಂತ ಹಾಗೆ ಒಂದು ಬಳೆ, ಒಂದೊಂದಕ್ಕೂ ಒಂದೊಂದು ಕ್ಲೋರಿನ್ ಅಂಟಿಕೊಂಡಿದೆ, ಅದೇ ಈ ಪುಡಿ ಎಂದಳು. ಬಿಸಿಲು, ಮಣ್ಣು ಯಾವುದಕ್ಕೂ ಅದು ಸುಲಭದಲ್ಲಿ ಮುರಿಯುವುದಿಲ್ಲ. ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಎಣ್ಣೆಯಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ, ಹಾಗಾಗಿ ಎಣ್ಣೆಯ ಜೊತೆ ಚರ್ಮದೊಳಗೆ ಬೇಗ ಇಳಿಯುತ್ತದೆ.

"ಇದು ಹೇನನ್ನು ಕೊಲ್ಲುದು ನರ ಕೆರಳಿಸಿ, ನಡುಗಿಸಿ. ಮಗುವಿಗೂ ನರ ಉಂಟಲ್ವಾ ಅಕ್ಕ? ನಿಮಗೆ ಏನೂ ಆಗ್ಲಿಲ್ಲ, ಅದು ನಿಮ್ಮ ಪುಣ್ಯ. ಎಲ್ಲರಿಗೂ ಹಾಗೇ ಆಗ್ತದೆ ಅಂತ ಇಲ್ಲ."

ದೇವಮ್ಮ ಎದ್ದು ಮೊಮ್ಮಗಳನ್ನು ನೋಡಲು ಒಳಗೆ ಹೋದರು.

ಕೆಲವು ದಿನ ಕಳೆದು ಯಶಸ್ವಿ ಗುಣವಾಗಿ ಮನೆಗೆ ಬಂದಳು. ಆದರೂ ಅವಳ ಕೈಯಿಂದ ಚಮಚ ಜಾರಿದರೆ ಸಾಕು, ಸೇವಂತಿ ಓಡಿಬಂದು ಅವಳ ಬೆರಳು ಹಿಡಿದು ನೋಡುತ್ತಿದ್ದಳು. ಡಬ್ಬವೂ ಮನೆಗೆ ಬಂದಿತ್ತು. ಕುಶಾಲಪ್ಪನಿಗೆ ಅದನ್ನು ಕಂಡರೆ ಸಿಟ್ಟು. ತೋಡಿಗೆ ಸುರಿದು ಬಿಡುತ್ತೇನೆ, ಹರಿದುಹೋಗಲಿ ಎಂದು ಎತ್ತಿಕೊಂಡು ಹೊರಟೇಬಿಟ್ಟ. ನಶೀದಾ ಅಂಗಳದಲ್ಲೇ ತಡೆದಳು.

"ಎಲ್ಲಿಗೆ ಹರಿದು ಹೋಗುದು ಕುಶಾಲಣ್ಣ? ಕೆಸರಲ್ಲಿ ಕೂರ್ತದೆ. ಹುಳ ತಿಂತದೆ, ಹುಳವನ್ನು ಮೀನು, ಮೀನನ್ನು ನಾವು. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಬಾಣಂತಿಯ ಹಾಲಿನಲ್ಲೂ ಬರ್ತದೆ. ಸುಟ್ಟರೆ ಹೊಗೆಯೂ ವಿಷ. ಎಂಡೋಸಲ್ಫಾನ್ ಗೊತ್ತುಂಟಲ್ಲ ನಿಮಗೆ? ಇದೂ ಅದೇ ಕ್ಲೋರಿನ್ ಜಾತಿ."

ಎಂಡೋಸಲ್ಫಾನ್ ಎಂಬ ಹೆಸರು ಕೇಳಿದ್ದೇ ದೇವಮ್ಮ ಜಗಲಿಯಿಂದ ಇಳಿದು ಬಂದರು. ಗೇರು ತೋಟಗಳಿಗೆ ಅದನ್ನು ಸಿಂಪಡಿಸಿದ ಕಾಲ ಅವರಿಗೆ ನೆನಪಿದೆ. ಕಡಬದ ಕಡೆ ಅವರ ನಂಟರ ಮನೆಯಲ್ಲಿ ಅದರ ದೆಸೆಯಿಂದ ಇವತ್ತಿಗೂ ಹಾಸಿಗೆಯಲ್ಲೇ ಇರುವ ಒಬ್ಬ ಹುಡುಗನಿದ್ದಾನೆ. ಅವನ ತಾಯಿಯ ಮುಖ ಕಣ್ಣಮುಂದೆ ಬಂದಿರಬೇಕು. ಮಗನ ಕೈಯಿಂದ ಡಬ್ಬವನ್ನು ತಾವೇ ತೆಗೆದುಕೊಂಡರು.

"ಅದೇ ಜಾತಿ ಅಂತ ನಂಗೆ ಯಾರೂ ಹೇಳ್ಲಿಲ್ಲ ಮಗಾ," ಎಂದರು ನಶೀದಾಳಿಗೆ.

ಡಬ್ಬವನ್ನು ಚೀಲ ಸಮೇತ ಒಂದು ಪ್ಲಾಸ್ಟಿಕ್ ಬಕೆಟಿನಲ್ಲಿಟ್ಟು, ಮುಚ್ಚಳ ಬಿಗಿದು, 'ವಿಷ' ಎಂದು ಬರೆದು, ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಟ್ಟರು. ಕುಶಾಲಪ್ಪ ಕೃಷಿ ಇಲಾಖೆಯ ಕಚೇರಿಗೆ ಹೋಗಿ ವಿಷಯ ತಿಳಿಸಿದ. ಅಲ್ಲಿಂದ ಬಂದವರು ಕೈಗವಸು ಹಾಕಿಕೊಂಡು ಅದನ್ನು ಕೊಂಡುಹೋದರು. ಮುಂದಿನ ಸ್ವಸಹಾಯ ಸಂಘದ ಸಭೆಗೆ ಸೊಸೆಯ ಜೊತೆ ದೇವಮ್ಮನೂ ಹೋದರು. ಯಾರೂ ಕೇಳದೆಯೇ ಎದ್ದು ನಿಂತು, ಮೊಮ್ಮಗಳ ತಲೆಗೆ ತಾನು ಏನು ಹಚ್ಚಿದೆ ಎಂದು ಎಲ್ಲರ ಮುಂದೆ ಹೇಳಿದರು. ಹೇಳಿ ಮುಗಿಸಿದಾಗ ಇನ್ನೊಬ್ಬ ಅಜ್ಜಿ, ನಮ್ಮಲ್ಲೂ ಒಂದು ಡಬ್ಬ ಉಂಟು ಎಂದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ. ಬಿ.ಎಚ್.ಸಿ., ಗಮಾಕ್ಸಿನ್, ಲಿಂಡೇನ್, ಎಂಡೋಸಲ್ಫಾನ್ ನಮ್ಮ ದೇಶದಲ್ಲಿ ನಿಷೇಧವಾಗಿ ವರ್ಷಗಳೇ ಆದವು, ಆದರೆ ಹಳೇ ಡಬ್ಬದೊಳಗಿನ ವಿಷಕ್ಕೆ ಅದು ಗೊತ್ತಿಲ್ಲ. ಸಿಕ್ಕಿದರೆ ತೆರೆಯಬೇಡಿ, ಸುಡಬೇಡಿ, ಹೂಳಬೇಡಿ, ನೀರಿಗೆ ಬಿಡಬೇಡಿ. ಕೃಷಿ ಇಲಾಖೆಗೆ ತಿಳಿಸಿ. ಹೇನಿಗೆ ಒದ್ದೆ ಕೂದಲು ಮತ್ತು ಸಣ್ಣ ಹಲ್ಲಿನ ಬಾಚಣಿಗೆ ಸಾಕು, ಅದಕ್ಕೂ ಬಗ್ಗದಿದ್ದರೆ ಡಾಕ್ಟರು ಹೇಳಿದ ಮದ್ದು ಮಾತ್ರ. ಕೀಟನಾಶಕ ಮೈಗೆ ತಾಗಿ ಮಗು ನಡುಗಿದರೆ ಸೋಪು ಹಾಕಿ ತೊಳೆಯಿರಿ, 108ಕ್ಕೆ ಫೋನ್ ಮಾಡಿ, ಡಬ್ಬವನ್ನು ಜೊತೆಗೇ ಕೊಂಡುಹೋಗಿ.

ನಾಳೆ ನೋಡುವ ಎನ್ನಬೇಡಿ. ಮಕ್ಕಳು ಶಾಲೆಯಿಂದ ಬರುವ ಮೊದಲೇ ಅಟ್ಟದ ಏಣಿ ಹತ್ತಿ.