ತೊಳೆದ ಬೆನ್ನು

ಗಣಿಯ ಬಾವಿ ಮುಚ್ಚಿದರೆ ಒಳಗಿನ ಬೆಂಕಿ ಸಾಯುತ್ತದೆ, ಕಲ್ಲಿದ್ದಲು ಉಳಿಯುತ್ತದೆ ಎಂದರು ಮಾಲೀಕರು. ಒಳಗೆ ಇನ್ನೂ ಎಂಬತ್ತಾರು ಗಂಡಸರಿದ್ದರು. ವೇಲ್ಸಿನ ನಮ್ಮ ಕಣಿವೆಯಲ್ಲಿ ಅವರ ಲೆಕ್ಕಕ್ಕಿಂತ ಕಲ್ಲಿದ್ದಲಿನ ಲೆಕ್ಕವೇ ದೊಡ್ಡದು. ಮಧ್ಯಾಹ್ನ ಗಣಿಯ ಬಾಯಿಗೆ ಇಟ್ಟಿಗೆ ಕಟ್ಟತೊಡಗಿದರು. ಮೇಲೆ ಬಂದ ಹೆಣಗಳಲ್ಲಿ ಗುರುತು ಸಿಗದವನ್ನು ಸಂಜೆಯೊಳಗೆ ಒಂದೇ ಗುಂಡಿಗೆ ಹಾಕಬೇಕೆಂದು ಅಪ್ಪಣೆಯಾಯಿತು. ದೀಪದ ಉರಿ ಉದ್ದವಾಗುತ್ತಿದೆ, ಒಳಗೆ ಗ್ಯಾಸ್ ಇದೆ ಎಂದು ವಾರವಿಡೀ ಹೇಳಿದವರೂ ಆ ಹೆಣಗಳ ಸಾಲಿನಲ್ಲೇ ಮಲಗಿದ್ದರು.

ಹೆಣಗಳಿದ್ದ ಪ್ರಾರ್ಥನಾ ಮಂದಿರದೊಳಕ್ಕೆ ಹೆಂಡತಿಯರನ್ನೂ ತಾಯಂದಿರನ್ನೂ ಮಾತ್ರ ಬಿಡುತ್ತಿದ್ದರು. ಗಣಿಗೆ ಇಳಿದಿದ್ದ ಈಸಾಕನ ಹೆಂಡತಿ ಲೈಸಾಳ ಸರದಿ ಬಂದಾಗ ಯಾರೋ ಅವಳ ತೋಳು ಹಿಡಿದರು. ಮೇಲಿನ ಬೀದಿಯ ವಿಧವೆ ಸಾರನ್. ಶನಿವಾರಗಳಲ್ಲಿ ಈಸಾಕ್ ಅವಳ ಮನೆಯ ಸೋರುವ ಮಾಡಿನ ರಿಪೇರಿಗೆ ಹೋಗುತ್ತಿದ್ದ.

“ಮುಖ ಗುರ್ತು ಸಿಗದಿದ್ರೆ ಬೆನ್ನು ನೋಡು ಲೈಸಾ. ಎಡ ಹೆಗಲಿನ ಕೆಳಗೆ ನೀಲಿ ಗಾಯ ಇದೆ, ಬೆರಳುದ್ದ.”

ಕಲ್ಲಿದ್ದಲು ಕೊರೆದ ಗಾಯ ಮಾಗಿದರೂ ನೀಲಿಯಾಗಿಯೇ ಉಳಿಯುತ್ತದೆ. ಆದರೆ ಮಸಿ ಹಿಡಿದ ಬೆನ್ನು ತೊಳೆದರೆ ತಾನೆ ಅದು ಕಾಣುವುದು? ತೊಳೆದರೆ ನಡುವಿನ ಬಲ ಹೋಗುತ್ತದೆಂಬ ಗಣಿಯವರ ನಂಬಿಕೆ ಹೇಳಿ ಈಸಾಕ್ ಹದಿಮೂರು ವರ್ಷ ಲೈಸಾಳಿಗೆ ಬೆನ್ನು ಮುಟ್ಟಗೊಟ್ಟಿರಲಿಲ್ಲ. ಈಚೆಗಂತೂ ಅಂಗಿ ಬಿಚ್ಚದೆಯೇ ಮಲಗುತ್ತಿದ್ದ.

“ನಿಂಗೆ ಮಾಡಿನ ತೂತಿಂದ ಕಾಣಿಸ್ತೇನೋ.”

“ಆಮೇಲೆ ಬೈಕೋ. ಹೆಸರಿಲ್ದೆ ಗುಂಡಿಗೆ ಹಾಕ್ತಾರೆ ಅವನನ್ನ. ನನ್ನ ಒಳಗೆ ಬಿಡಲ್ಲ.”

ಒಳಗೆ ಪೇದೆ ಹನ್ನೊಂದನೆಯ ಹೆಣವನ್ನು ಮಗ್ಗುಲಿಗೆ ಹೊರಳಿಸಿದ. ಆ ಸಾಲಿನಲ್ಲೆಲ್ಲ ಅಷ್ಟು ಬೆಳ್ಳಗಿನ ಬೆನ್ನು ಇನ್ನೊಂದಿರಲಿಲ್ಲ. ಗಾಯ ಇತ್ತು, ಬೆರಳುದ್ದ.

ಅಲ್ಲ ಎಂದುಬಿಟ್ಟರೆ ಮುಗಿಯಿತು. ಗುಂಡಿಗೆ ಹೋಗುತ್ತಾನೆ, ಇಬ್ಬರಿಗೂ ಇಲ್ಲ. ಲೈಸಾ ಆ ಬೆನ್ನನ್ನೇ ನೋಡುತ್ತ ನಿಂತಳು. ಕಿವಿಯ ಹಿಂದೂ ಉಜ್ಜಿದ್ದಳು ಆ ಸಾರನ್.

“ನಿಮ್ಮವನೇನಮ್ಮಾ? ಬೇಗ ಹೇಳಿ, ಇನ್ನೂ ಜನ ಇದ್ದಾರೆ.”

“ನನ್ನವನೇ. ಈ ಗಾಯ ನಂಗೊತ್ತಿಲ್ವಾ? ಬೆನ್ನು ನಾನೇ ತೊಳೀತಿದ್ದೆ, ಪ್ರತಿ ಶನಿವಾರ.”

ಪೇದೆ ಬರೆದುಕೊಂಡ.

ಹೊರಗೆ ಸಾರನ್ ಕಾಯುತ್ತಿದ್ದಳು. “ಅವನೇನಾ?”

“ನನ್ನ ಗಂಡ. ಮನೆಗೆ ತರ್ತಾರೆ. ನೀನು ನಮ್ಮ ಹೊಸ್ತಿಲು ತುಳೀಬೇಡ.”

“ತುಳಿಯಲ್ಲ.” ಸಾರನ್ ಶಾಲು ಎಳೆದುಕೊಂಡಳು. “ಮೈ ತೊಳೆಯೋವಾಗ ನೀರು ಉಗುರುಬೆಚ್ಚಗಿರ್ಲಿ. ಜಾಸ್ತಿ ಬಿಸಿ ಆದ್ರೆ ಅವನಿಗೆ ಆಗಲ್ಲ.”

ಲೈಸಾ ಮನೆಗೆ ಹೋಗಿ ಒಲೆ ಹೊತ್ತಿಸಿದಳು. ನೀರನ್ನು ಕುದಿಯುವವರೆಗೂ ಕಾಯಿಸಿದಳು.