ಕೆಳಗಿನ ಕುಣಿಕೆ

ಕರು ಹೆರಿಸುವುದರಲ್ಲಿ ಆತನಿಗೆ ಸಮನಾದವರು ಆ ಸುತ್ತಿನಲ್ಲಿ ಇರಲಿಲ್ಲ. ಜನ ಪ್ರೀತಿಗೂ ತಮಾಷೆಗೂ ‘ಸೂಲಗಿತ್ತಿ ತಾತ’ ಎನ್ನುತ್ತಿದ್ದರು. ಈಗ ಅದೇ ತಾತ ಪಶು ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ, ಮತ್ತಿನ ಮದ್ದಿಗೆ ಮಂಪರಾಗಿ ಮಲಗಿದ್ದ ಎರಡು ದಿನದ ಕರುವಿನ ತಲೆ ಹಿಡಿದು ನೆಲ ನೋಡುತ್ತ ನಿಂತಿದ್ದ. ಅದರ ಮುಂಗಾಲು ಗೆಣ್ಣಿನ ಮೇಲೆ ಮುರಿದು ಜೋತುಬಿದ್ದಿತ್ತು.

“ಹೇಗೆ ಮುರೀತು?” ಡಾಕ್ಟರಮ್ಮ ಕೇಳಿದರು.

“ತಾಯಿ ತುಳಿದುಬಿಡ್ತು, ಅಮ್ಮ.”

“ನೀವಿದ್ದೂ ತುಳಿಯೋಕೆ ಬಿಟ್ರಾ? ಸೂಲಗಿತ್ತಿಗೇ ನಿದ್ದೆ ಬಂದಿತ್ತೋ?” ನಗುತ್ತಲೇ ಅವರು ಬೋಳಿಸಿದ ಕಾಲನ್ನು ಸವರಿದರು. ನಗು ನಿಂತಿತು. “ತಾತ, ಸರಿಯಾಗಿ ಹೇಳಿ. ತುಳಿದದ್ದಾದ್ರೆ ಒಳಗೆ ಪ್ಲೇಟು ಕೂರಿಸಿ ಹೊಲೀತೀನಿ. ಹಗ್ಗ ಬಿಗಿದು ಎಳೆದದ್ದಾದ್ರೆ ಅಲ್ಲಿನ ಮಾಂಸ ಸತ್ತಿರುತ್ತೆ. ಪ್ಲೇಟು ಹಾಕಿದ್ರೆ ಕೀವಾಗಿ ಕಾಲೇ ಹೋಗುತ್ತೆ. ಹೊರಗಿಂದ ಕಂಬಿ ಹಾಕ್ಬೇಕಾಗುತ್ತೆ.”

“ತಾಯೀನೇ, ಡಾಕ್ಟ್ರೇ,” ಎಂದಳು ಜೊತೆಗೆ ಬಂದಿದ್ದ ಮಗಳು. “ಅಪ್ಪ ಹೇಳಿದ ಮೇಲೆ ಮುಗೀತು. ಅಪ್ಪನ ಕೈಯಲ್ಲಿ ಒಂದು ಕರುವಿಗೂ ಏನೂ ಆಗಿಲ್ಲ.”

ಭೂಮಿ ಬಾಯಿಬಿಡಬಾರದೇ ಎನಿಸಿತು ಆತನಿಗೆ.

ಹೆರಿಗೆಯಲ್ಲಿ ಸಿಕ್ಕಿಕೊಂಡ ಕರುವನ್ನು ಕಾಲಿಗೆ ಹಗ್ಗ ಕಟ್ಟಿ ಎಳೆಯುವ ಮೊದಲು ಗೆಣ್ಣಿನ ಮೇಲೊಂದು, ಕೆಳಗೊಂದು ಕುಣಿಕೆ ಹಾಕಬೇಕು, ಎಳೆತ ಹಂಚಿಹೋಗಬೇಕು. ಎಲ್ಲರಿಗೂ ಕಲಿಸಿದವನು ಆತನೇ. ಆದರೆ ನಲವತ್ತು ವರ್ಷ ಮೇಲಿನ ಕುಣಿಕೆ ಆತನದು, ಕೆಳಗಿನದು ಹೆಂಡತಿಯದು. “ನಂದಾಯ್ತು, ಎಳೀರಿ” ಎಂದು ಆಕೆ ಹೇಳದೆ ಆತ ಎಳೆದದ್ದೇ ಇಲ್ಲ. ಆಕೆ ತೀರಿಕೊಂಡು ಐದು ತಿಂಗಳು. ಮೊನ್ನೆ ಮೇಲಿನ ಕುಣಿಕೆ ಹಾಕಿ, ಆ ಮಾತಿಗೆ ಅರೆಗಳಿಗೆ ಕಾದ. ಕೇಳಿಸದಾಗ ದುಃಖ ಉಕ್ಕಿತು. ಆ ದುಃಖದಲ್ಲೇ, ಕೆಳಗಿನದು ಹಾಕದೆಯೇ ಎಳೆದುಬಿಟ್ಟ. ಲಟ್ಟೆಂದಿತು. ಬಿಸಿನೀರು ತರಲು ಹೋಗಿದ್ದ ಮಗಳು ಬರುವಷ್ಟರಲ್ಲಿ ಸುಳ್ಳು ಬಾಯಿಗೆ ಬಂದಿತ್ತು.

ಡಾಕ್ಟರಮ್ಮ ಪ್ಲೇಟಿನ ಪೊಟ್ಟಣಕ್ಕೆ ಕೈಹಾಕಿದರು.

“ಬೇಡ ತಾಯಿ! ನಾನೇ ಎಳೆದೆ. ಒಂದೇ ಕುಣಿಕೆ ಹಾಕಿ ಎಳೆದೆ. ಹಸು ತುಳೀಲಿಲ್ಲ.”

ಅವರು ಬೈಯಲಿಲ್ಲ. ಪೊಟ್ಟಣ ಬಿಟ್ಟು ಕಂಬಿಗಳ ತಟ್ಟೆ ಎಳೆದುಕೊಂಡರು. “ಸದ್ಯ, ಈಗಲಾದ್ರೂ ಹೇಳಿದ್ರಲ್ಲ. ಕಾಲು ಉಳಿಯುತ್ತೆ ಅನ್ಸುತ್ತೆ.”

ಮಗಳ ಮುಖ ಬಿಳಿಚಿಕೊಂಡಿತ್ತು. “ಅಪ್ಪಾ, ನಾನು ಆ ಹಸುಗೆ ಹೊಡೆದೆ. ಕರು ಹತ್ರ ಬಿಡದೆ ಆಚೆ ಕಟ್ಟಿದೀನಿ. ಎರಡು ದಿನದಿಂದ ಕೂಗ್ತಿದೆ. ನೀನು ಕೇಳಿಸ್ಕೊಂಡೂ ಸುಮ್ನಿದ್ಯಲ್ಲಪ್ಪಾ...”

ಕೇಳಿಸಿಕೊಂಡಿದ್ದ. ದೇವರಿಗೆ ಕೈಮುಗಿದು ಕೂತಾಗಲೂ ಕೇಳಿಸಿಕೊಂಡೇ ಕಣ್ಣು ಮುಚ್ಚಿದ್ದ.

“ನೀನು ಮನೆಗೆ ಹೋಗಮ್ಮ, ಅದನ್ನ ಬಿಚ್ಚಿಬಿಡು,” ಎಂದ, ತಲೆಯೆತ್ತದೆ.

“ನಾನಲ್ಲ. ನೀನೇ ಬಂದು ಬಿಚ್ಚು.”